ಬೇರೆ ಊರಿಂದ ಮಂಗಳೂರಿಗೆ ಬರುವವರಿಗೆ ಮನೆ ಹುಡುಕಿಕೊಡುವ ಏಜೆಂಟರಿಗೆ ವರ್ಚುವಲ್ ಅಸಿಸ್ಟೆಂಟ್ ಬೇಕೇ?

ಬೇಕು, ಆದರೆ ಫೋನು ಮತ್ತು ಕಾಗದದ ಕೆಲಸಕ್ಕೆ ಮಾತ್ರ. ಮಂಗಳೂರಿಗೋ ಪಕ್ಕದ ಸುರತ್ಕಲ್‌ಗೋ ವರ್ಗವಾಗಿ ಬರುವವರಿಗೆ ಮನೆ ನೋಡಲು ಸಿಗುವುದು ಹೆಚ್ಚೆಂದರೆ ಒಂದೆರಡು ದಿನ. ಏಜೆಂಟರು ಕದ್ರಿ, ಬಿಜೈ ಸುತ್ತುತ್ತಿರುವಾಗ ಫೋನು ಎತ್ತುವವರಿಲ್ಲದಿದ್ದರೆ ಗಿರಾಕಿ ಕೈತಪ್ಪುತ್ತಾರೆ. ವರ್ಚುವಲ್ ಅಸಿಸ್ಟೆಂಟ್, ಅಂದರೆ ತಮ್ಮ ಮನೆಯಲ್ಲೇ ಕೂತು ಕೆಲಸ ಮಾಡುವ ಸಹಾಯಕರು, ಬಜೆಟ್, ಮಕ್ಕಳ ಶಾಲೆ, ಬರುವ ತಾರೀಕು ಕೇಳಿ ಬರೆದುಕೊಳ್ಳುತ್ತಾರೆ, ಹಿಂದಿನ ದಿನವೇ ಮಾಲೀಕರಿಗೆ ಫೋನು ಮಾಡಿ "ಮನೆ ಇನ್ನೂ ಖಾಲಿ ಉಂಟಾ?" ಎಂದು ವಿಚಾರಿಸುತ್ತಾರೆ, 11 ತಿಂಗಳ ಬಾಡಿಗೆ ಕರಾರಿನ ಕರಡು ತಯಾರಿಸಿಡುತ್ತಾರೆ.

ಎಡವಟ್ಟಾಗುವುದು ಫೋಟೋ ನಂಬಿದಾಗ. ಜುಲೈ ಮಳೆಗೆ ಪಶ್ಚಿಮದ ಗೋಡೆ ಒಸರುವುದು, ಮೇ ತಿಂಗಳಲ್ಲಿ ಬಾವಿಯ ತಳ ಕಾಣುವುದು ಫೋಟೋದಲ್ಲಿ ಗೊತ್ತಾಗದು. ಅದನ್ನು ಏಜೆಂಟರೇ ಹೋಗಿ ನೋಡಬೇಕು. ಸಹಾಯಕರಿಗೆ ತುಳು ಬಂದರೆ ಮಾಲೀಕರ ಜೊತೆಗಿನ ಮಾತು ಅರ್ಧಕ್ಕರ್ಧ ಬೇಗ ಮುಗಿಯುತ್ತದೆ.