ಭಜನಾ ಮಂಡಳಿಗೆ ಅನಾಮಧೇಯ ಮೆಸೇಜ್: ಕಳಿಸಿದವರನ್ನು ಆಮೇಲೆ ಹುಡುಕಿ

ನವರಾತ್ರಿ ಹತ್ತಿರ ಬಂತೆಂದರೆ ಈ ಪ್ರಶ್ನೆ ಜಾಸ್ತಿ. ಮುಂಬಯಿ ಕಡೆಯ ಡೊಂಬಿವಲಿ, ಭಾಂಡುಪ್, ಮೀರಾ ರೋಡ್, ವಸಾಯಿ, ಎಲ್ಲಿಂದ ಬಂದರೂ ಅದೇ ಪ್ರಶ್ನೆ. ಅದಕ್ಕೇ ಈ ಸಲ ಹೆಚ್ಚಿನ ಜಾಗ ಅದಕ್ಕೆ. ನಂಬರ್ ಬ್ಲಾಕ್ ಮಾಡುವುದು ಹೇಗೆ ಎಂದು ಮಾತ್ರ ಕೇಳಬೇಡಿ. ಮನೆಯಲ್ಲಿ ಮೊಮ್ಮಕ್ಕಳಿದ್ದಾರಲ್ವಾ?

ಪ್ರಶ್ನೆ: ಮೇಡಂ, ನಮ್ಮ ಭಜನಾ ಮಂಡಳಿಯ ವಾಟ್ಸಾಪ್ ಗ್ರೂಪಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿದ್ದೇವೆ. ಈಚೆಗೆ ಗೊತ್ತಿಲ್ಲದ ನಂಬರಿನಿಂದ ಹೆಂಗಸರಿಗೆ ಮಾತ್ರ ಮೆಸೇಜ್ ಬರುತ್ತಿದೆ. "ನಿಮ್ಮ ಪೂಜೆ ದೇವರಿಗೆ ಮುಟ್ಟುತ್ತಿಲ್ಲ. ಮಂಡಳಿ ಬಿಡಿ, ಇಲ್ಲದಿದ್ದರೆ ದೇವಿ ಮುನಿದು ಮಕ್ಕಳಿಗೆ ತೊಂದರೆ" ಅಂತ. ಒಂದಿಬ್ಬರ ಹತ್ತಿರ ಪರಿಹಾರಕ್ಕೆ 1,100 ರೂಪಾಯಿ ಕೇಳಿದ್ದಾರೆ. ಹೋದ ವರ್ಷ ಜಗಳ ಮಾಡಿ ಹೊರಗೆ ಹೋದವರೇ ಇರಬೇಕು. ಕಂಡುಹಿಡಿಯುವುದು ಹೇಗೆ? (ಡೊಂಬಿವಲಿಯ ಓದುಗರು)

ಉತ್ತರ: ಜಗಳ ಮಾಡಿದವರ ಮೇಲೆ ಬೆರಳು ತೋರಿಸುವುದು ಸುಲಭ ಮಾರಾಯ್ರೆ. ಆದರೆ ನಿಮ್ಮ ನಂಬರುಗಳು ಯಾರ ಕೈಯಲ್ಲಿಲ್ಲ ಹೇಳಿ? ಗ್ರೂಪಿಗೆ ಒಮ್ಮೆ ಸೇರಿದರೆ ಉಳಿದವರೆಲ್ಲರ ನಂಬರ್ ಕಾಣುತ್ತದೆ. ಈಚೆಗೆ ಮಾಟುಂಗಾದ ಅಂಗಡಿಯೊಂದರ ಕೌಂಟರಿನಲ್ಲಿ ಶನಿಪೂಜೆಯ ಆಮಂತ್ರಣ ಪತ್ರ ನೋಡಿದೆ. ಮೇಲೆ ದೇವರ ಚಿತ್ರ, ಕೆಳಗೆ ಅನ್ನಪ್ರಸಾದದ ಸಮಯ, ಮೂಲೆಯಲ್ಲಿ ಗ್ರೂಪಿಗೆ ಸೇರುವ ಕ್ಯೂಆರ್ ಕೋಡ್. ಬಾಳೆಹಣ್ಣು ಕೊಳ್ಳಲು ಬಂದ ಯಾರು ಬೇಕಾದರೂ ಸ್ಕ್ಯಾನ್ ಮಾಡಿ ಒಳಗೆ ಬಂದು, ನಂಬರುಗಳನ್ನು ಬರೆದುಕೊಂಡು ಹೋಗಬಹುದು. 2020ರಲ್ಲಂತೂ ಗ್ರೂಪಿಗೆ ಸೇರುವ ಇಂಥ ಲಿಂಕುಗಳು ಗೂಗಲ್‌ನಲ್ಲಿ ಹುಡುಕಿದರೇ ಸಿಗುತ್ತಿದ್ದವು.

ಹೆಂಗಸರಿಗೇ ಯಾಕೆ? ಡಿಪಿ ನೋಡಿ ಆರಿಸುತ್ತಾರೆ. ಡಿಪಿಯಲ್ಲಿ ಮಗು ಇದ್ದರೆ "ಮಕ್ಕಳಿಗೆ ತೊಂದರೆ" ಅನ್ನುತ್ತಾರೆ. ಅದರಲ್ಲಿ ದಿವ್ಯದೃಷ್ಟಿ ಏನೂ ಇಲ್ಲ.

ಆದ್ದರಿಂದ ಇವತ್ತೇ ರಾತ್ರಿ ಅಡ್ಮಿನ್‌ನಿಂದ ಹಳೆಯ ಲಿಂಕ್ ರದ್ದು ಮಾಡಿಸಿ. ಅಡ್ಮಿನ್ ಒಪ್ಪದೆ ಯಾರೂ ಸೇರದಂತೆ ಸೆಟ್ಟಿಂಗ್ ಬದಲಾಯಿಸಿ. ಪಟ್ಟಿ ಹಿಡಿದು ಕುಳಿತು, ಯಾರೂ ಗುರುತಿಸದ ನಂಬರನ್ನು ತೆಗೆದುಹಾಕಿ. ಪೂಜೆಯ ಪ್ರಕಟಣೆ ಕಳಿಸಲು ವಾಟ್ಸಾಪ್ ಕಮ್ಯೂನಿಟಿ ಸಾಕು. ಅದರ ಪ್ರಕಟಣೆಯ ಗ್ರೂಪಿನಲ್ಲಿ, ಅಡ್ಮಿನ್ ಮತ್ತು ನಂಬರ್ ಮೊದಲೇ ಸೇವ್ ಮಾಡಿಕೊಂಡವರನ್ನು ಬಿಟ್ಟರೆ ಉಳಿದವರಿಗೆ ನಿಮ್ಮ ನಂಬರ್ ಕಾಣುವುದಿಲ್ಲ.

ಆಮೇಲೆ ಸಾಕ್ಷಿ. ಒಬ್ಬರು ಆ ನಂಬರನ್ನು "ಹಲ್ಕಟ್" ಅಂತ ಸೇವ್ ಮಾಡಿ ಸ್ಕ್ರೀನ್‌ಶಾಟ್ ತಂದಿದ್ದರು. ಚಿತ್ರದ ತುಂಬ ಹಲ್ಕಟ್ ಇದ್ದಾನೆ, ನಂಬರೇ ಇಲ್ಲ! ಪೂರ್ತಿ ನಂಬರ್, ತಾರೀಖು, ಹೊತ್ತು ಮೂರೂ ಕಾಣಬೇಕು. ಚಾಟ್ ಅಳಿಸಬೇಡಿ, ಫೋನ್ ಬದಲಾಯಿಸಬೇಡಿ. ಬ್ಲಾಕ್, ರಿಪೋರ್ಟ್ ಎಲ್ಲ ಇದಾದ ಮೇಲೆ.

ಕಾನೂನು ನಿಮ್ಮ ಕಡೆಗಿದೆ. ಹೆಸರು ಮುಚ್ಚಿಟ್ಟು ಬೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 351(4) ಇದೆ, ಬೆದರಿಕೆಯ ಶಿಕ್ಷೆಯ ಮೇಲೆ ಇನ್ನೂ ಎರಡು ವರ್ಷದವರೆಗೆ. ದೇವರು ಮುನಿಯುತ್ತಾನೆ ಎಂದು ಹೆದರಿಸಿ ಕೆಲಸ ಮಾಡಿಸಲು ನೋಡಿದರೆ ಕಲಂ 354, ಒಂದು ವರ್ಷದವರೆಗೆ. ನೀವು ದುಡ್ಡು ಕೊಟ್ಟಿರಲೇಬೇಕೆಂದಿಲ್ಲ, ಪ್ರಯತ್ನವೇ ಸಾಕು. ಠಾಣೆಯಲ್ಲಿ ಬರೀ ಎನ್‌ಸಿ (ಎಫ್‌ಐಆರ್ ಅಲ್ಲದ ದೂರಿನ ದಾಖಲೆ) ಬರೆದುಕೊಂಡು ಕಳಿಸಬಹುದು. ಬೇಸರ ಬೇಡ, ಅದರ ಪ್ರತಿ ಕೇಳಿ ಪಡೆಯಿರಿ. ಒಬ್ಬೊಬ್ಬರೇ ಹೋಗುವ ಬದಲು ಮೆಸೇಜ್ ಬಂದವರೆಲ್ಲ ಒಟ್ಟಿಗೆ ಹೋಗಿ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಇನ್ನು "ನಂಬರ್ ಕೊಡಿ, ಮನೆ ವಿಳಾಸ ಕೊಡುತ್ತೇನೆ" ಎನ್ನುವ ಹ್ಯಾಕರುಗಳು. ದುಡ್ಡು ಹೊಡೆಯುವವರು, ಅಷ್ಟೇ. ಕಾಲ್ ರೆಕಾರ್ಡ್ ತರಿಸಿಕೊಡುತ್ತೇನೆ ಎಂದರೆ ಅದೂ ಅಪರಾಧ. 2018ರಲ್ಲಿ ನಿಮ್ಮ ಥಾಣೆ ನಗರದ ಪೊಲೀಸರೇ ಇಂಥ ಖಾಸಗಿ ಪತ್ತೇದಾರರನ್ನು ಹಿಡಿದಿದ್ದರು. ಕಳಿಸಿದವರು ಯಾರೆಂದು ತಿಳಿಯಲು ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡಿಸಿದವರೂ ಇದ್ದಾರೆ! ಅಲ್ಲಿ ಹೆಸರು ಸಿಗುತ್ತದೆ, ಸಂಶಯವಿಲ್ಲ. ಆಮೇಲೆ ಮಂಡಳಿ ಎರಡು ಹೋಳು. ಆ ಜಗಳಗಂಟರು ನಿರಪರಾಧಿಗಳು ಎಂದು ನಾನು ಹೇಳುತ್ತಿಲ್ಲ. ಪೊಲೀಸರಿಗೆ ನಿಮ್ಮ ಅನುಮಾನ ಹೇಳಿ, ಗ್ರೂಪಿನಲ್ಲಿ ಬರೆಯಬೇಡಿ. ಬರೆದರೆ ಮಾನನಷ್ಟದ ನೋಟಿಸ್ ಬರುವುದು ನಿಮಗೇ.

ಪ್ರಶ್ನೆ: 11 ಜನರಿಗೆ ಕಳಿಸದಿದ್ದರೆ ಕೆಟ್ಟದ್ದಾಗುತ್ತದೆ ಎಂಬ ಮೆಸೇಜ್ ಬಂದಿದೆ. ಅಳಿಸಿದರೆ?

ಉತ್ತರ: ಫೋನಿನಲ್ಲಿ ಸ್ವಲ್ಪ ಜಾಗ ಖಾಲಿಯಾಗುತ್ತದೆ.

ಪ್ರಶ್ನೆ: ಆಕ್ಷೇಪಾರ್ಹ ಮೆಸೇಜ್ ಕಳಿಸಿದವರ ಮೇಲೆ ಐಟಿ ಕಾಯ್ದೆಯ ಕಲಂ 66ಎ ಹಾಕಿಸಬಹುದೇ?

ಉತ್ತರ: ಇನ್ನೂ ಎಷ್ಟು ವರ್ಷ ಕೇಳುತ್ತೀರಿ? 2012ರಲ್ಲಿ ಇಲ್ಲೇ ಪಾಲ್ಘರ್‌ನಲ್ಲಿ ಇಬ್ಬರು ಹುಡುಗಿಯರನ್ನು ಫೇಸ್‌ಬುಕ್ ಪೋಸ್ಟಿಗಾಗಿ ಬಂಧಿಸಿದ ಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2015ರ ಮಾರ್ಚ್ 24ರಂದು ಕೋರ್ಟ್ ಆ ಕಲಮನ್ನೇ ರದ್ದು ಮಾಡಿತು.

ಪ್ರಶ್ನೆ: ಸದಸ್ಯರು ಕೆಟ್ಟದ್ದು ಹಾಕಿದರೆ ಅಡ್ಮಿನ್‌ಗೆ ಜೈಲಾ?

ಉತ್ತರ: ಸುಮ್ನೆ ಹೆದರಬೇಡಿ. ನೀವೂ ಅವರ ಜೊತೆ ಸೇರಿಕೊಂಡಿರದಿದ್ದರೆ ಹೊಣೆ ನಿಮ್ಮದಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲೇ ಹೇಳಿದೆ.

ಪ್ರಶ್ನೆ: ಬೆದರಿಕೆ ಮೆಸೇಜ್ ಕಳಿಸಿದವನಿಗೆ ತುಳುವಿನಲ್ಲಿ ನಾಲ್ಕು ಬೈದರೆ ತಪ್ಪಾ?

ಉತ್ತರ: ಬೇಡ. ನಂಬರ್ ಚಾಲ್ತಿಯಲ್ಲಿದೆ, ಓದುವವರಿದ್ದಾರೆ ಎಂದು ಅವನಿಗೆ ಗೊತ್ತಾಗುತ್ತದೆ.