ಬಾಲಿಯ ಹಳ್ಳಿಯಲ್ಲಿ ಜಮೀನು: ಡ್ರೈವರ್ ಹೆಸರಿಗೆ ಬೇಡ, ಬೇಡ, ಬೇಡ

ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ 2024ರಲ್ಲಿ ನೇರ ವಿಮಾನ ಶುರುವಾಯಿತು. ಅಲ್ಲಿಂದೀಚೆಗೆ ಬಾಲಿಯ ಜಮೀನಿನ ಬಗ್ಗೆ ಪತ್ರಗಳು ಬರುತ್ತಲೇ ಇವೆ. ಬಹುಪಾಲು ಒಂದೇ ಪ್ರಶ್ನೆ, ಊರಿನ ಹೆಸರು ಮಾತ್ರ ಬೇರೆ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ಉತ್ತರ ಬಾಲಿಯ ಪೆಡಾವಾ ಎಂಬ ಹಳ್ಳಿಯಲ್ಲಿ 6 ಆರೆ (ಹತ್ತಿರ ಹತ್ತಿರ 6 ಗುಂಟೆ) ಲವಂಗದ ತೋಟ ನೋಡಿದ್ದೇವೆ. ವಿದೇಶಿಯರ ಹೆಸರಿಗೆ ಆಗುವುದಿಲ್ಲವಂತೆ. ನಮ್ಮ ಪರಿಚಯದ ಡ್ರೈವರ್ ತುಂಬಾ ಒಳ್ಳೆಯವರು. ಅವರ ಹೆಸರಿಗೆ ಮಾಡಿಸಿ, ನೋಟರಿ ಹತ್ತಿರ ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಸಾಕು ಅಂತ ಏಜೆಂಟರು ಹೇಳುತ್ತಾರೆ. ಮುಂದುವರಿಯಬಹುದೇ? (ಮೈಸೂರು)

ಉತ್ತರ: ಬೇಡ. ಡ್ರೈವರ್ ಒಳ್ಳೆಯವರೋ ಅಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇಂಡೋನೇಷ್ಯಾದ 1960ರ ಭೂ ಕಾನೂನಿನಲ್ಲಿ ‘ಹಕ್ ಮಿಲಿಕ್’, ಅಂದರೆ ಪೂರ್ಣ ಒಡೆತನ, ಆ ದೇಶದ ಪ್ರಜೆಗಳಿಗಷ್ಟೇ. ಅದರ 26ನೇ ಕಲಂ ಓದಿದ್ದರೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಹಕ್ ಮಿಲಿಕ್ ವಿದೇಶಿಯರ ಕೈಗೆ ದಾಟುವಂತೆ ಮಾಡಿದ ವ್ಯವಹಾರ ಅಸಿಂಧು, ಜಮೀನು ಸರ್ಕಾರದ ಪಾಲು, ಕೊಟ್ಟ ದುಡ್ಡು ವಾಪಸ್ ಕೇಳುವಂತಿಲ್ಲ. ಹಣ ಯಾರದ್ದೇ ಇರಲಿ, ಸರ್ಟಿಫಿಕೇಟಿನಲ್ಲಿ ಹೆಸರಿದ್ದವರೇ ಮಾಲೀಕರು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2020ರ ಸುತ್ತೋಲೆಯಲ್ಲಿ ಮತ್ತೆ ಸ್ಪಷ್ಟಪಡಿಸಿದೆ.

ಏಜೆಂಟರು ಕೊಡುವ ಫೈಲಿನಲ್ಲಿ ಸಾಮಾನ್ಯವಾಗಿ ಐದು ಪತ್ರಗಳಿರುತ್ತವೆ: ಡ್ರೈವರ್ ನಿಮ್ಮಿಂದ ಸಾಲ ಪಡೆದಂತೆ ಒಂದು, ಆ ಸಾಲಕ್ಕೆ ಜಮೀನು ಅಡವಿಟ್ಟಂತೆ ಇನ್ನೊಂದು, ರದ್ದುಮಾಡಲಾಗದ ಪವರ್ ಆಫ್ ಅಟಾರ್ನಿ, ನಿಮಗೇ ಲೀಸ್ ಕೊಟ್ಟಂತೆ ಒಪ್ಪಂದ, ಕೊನೆಗೊಂದು ಉಯಿಲು. ಫೈಲು ದಪ್ಪವಾದಷ್ಟೂ ನಿಮಗೇ ತೊಂದರೆ. ಒಡೆತನ ದಾಟಿಸುವುದೇ ಉದ್ದೇಶ ಎಂಬುದಕ್ಕೆ ಸಾಕ್ಷ್ಯವನ್ನು ನೀವೇ ಜೋಡಿಸಿ ಇಟ್ಟಂತಾಗುತ್ತದೆ. ಆ ಪವರ್ ಆಫ್ ಅಟಾರ್ನಿ ತೋರಿಸಿ ಕ್ರಯಪತ್ರ ಮಾಡಿಸಲು ಹೋದರೆ, ಅದನ್ನು ನಿರಾಕರಿಸಬೇಕೆಂದು 1997ರ ನೋಂದಣಿ ನಿಯಮ ಭೂಪತ್ರ ಅಧಿಕಾರಿಗೇ (ಅಲ್ಲಿ ‘ಪಿಪಿಎಟಿ’ ಎನ್ನುತ್ತಾರೆ) ಹೇಳುತ್ತದೆ. ಜಿಪಿಎ ಮೇಲೆ ಸೈಟು ಕೊಂಡರೆ ಒಡೆತನ ಬರುವುದಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಊರಲ್ಲಿ ನಡೆಯದ್ದು ಸಮುದ್ರ ದಾಟಿದ ಮೇಲೆ ನಡೆಯುತ್ತದೆ ಎಂಬ ನಂಬಿಕೆ ಎಲ್ಲಿಂದ ಬರುತ್ತದೋ!

ಮೋಸ ಆಗುವುದು ಡ್ರೈವರ್‌ನಿಂದ ಎಂದುಕೊಳ್ಳಬೇಡಿ. ಅವರು ತೀರಿಹೋದರೆ ಹೆಸರು ವಾರಸುದಾರರಿಗೆ ಹೋಗುತ್ತದೆ, ಅವರು ನಿಮ್ಮ ಮುಖ ನೋಡಿರುವುದಿಲ್ಲ. ವಿಚ್ಛೇದನವಾದರೆ ಜಮೀನು ಗಂಡಹೆಂಡಿರ ಜಂಟಿ ಆಸ್ತಿ. ಬ್ಯಾಂಕ್ ಸಾಲ ಬಾಕಿಯಾದರೆ ಜಪ್ತಿ.

ಹಾಗಾದರೆ ದಾರಿ? ಹಳ್ಳಿಯ ಮಟ್ಟಿಗೆ ಒಂದೇ: ಲೀಸ್. ವಿದೇಶಿಯರಿಗೆ ‘ಹಕ್ ಪಕಾಯ್’ ಎಂಬ ಬಳಕೆಯ ಹಕ್ಕು 30, 20, 30 ವರ್ಷಗಳ ಕಂತಿನಲ್ಲಿ ಸಿಗುವುದು ನಿಜ. ಆದರೆ ಅದಕ್ಕೆ ಪ್ರಾಂತ್ಯವಾರು ಕನಿಷ್ಠ ಬೆಲೆ ಇದೆ, ತೋಟದ ನಡುವಿನ ಸಣ್ಣ ಮನೆ ಅದನ್ನು ಮುಟ್ಟುವುದಿಲ್ಲ.

ಲೀಸ್‌ಗೆ ಮೊದಲು ಮೂಲ ಸರ್ಟಿಫಿಕೇಟ್ ನೋಡಿ. ಫೋಟೊ ಅಲ್ಲ, ಮೂಲ. ಪಿಪಿಎಟಿ ಮೂಲಕ, ಪೆಡಾವಾ ಇರುವ ಬುಲೆಲೆಂಗ್ ಜಿಲ್ಲೆಯ ಭೂ ಕಚೇರಿಯಲ್ಲಿ ತಾಳೆ ನೋಡಿಸಿ. ಅಡಮಾನ, ತಕರಾರು ಇದ್ದರೆ ಅಲ್ಲೇ ಗೊತ್ತಾಗುತ್ತದೆ. ‘ಪಿಪಿಲ್’ ಎಂಬ ಹಳೆಯ ಕಂದಾಯ ಚೀಟಿ ಹಿಡಿದು ಬಂದವರನ್ನು ಹಾಗೇ ಕಳಿಸಿ. ಅದು ತೆರಿಗೆ ಕಟ್ಟಿದ್ದಕ್ಕೆ ಗುರುತು, ಒಡೆತನಕ್ಕಲ್ಲ.

ಪೆಡಾವಾದಂಥ ಊರಿನಲ್ಲಿ ಇನ್ನೂ ಒಂದು ಗಂಟು ಇದೆ. ಬಂಜಾರ್ ತಾಲ್ಲೂಕಿನ ಗುಡ್ಡದ ಮೇಲಿನ ಈ ಊರು ಬಾಲಿ ಆಗಾ ಎನ್ನುವ ಹಳೆಯ ಹಳ್ಳಿಗಳಲ್ಲಿ ಒಂದು. ಸಿದಾತಪಾ, ಚೆಂಪಾಗಾ, ತಿಗವಾಸಾ, ಬಾನ್ಯುಸೆರಿ ಅಕ್ಕಪಕ್ಕದವು. ಲವಂಗ, ಕಾಫಿ, ಆರೆನ್ ತಾಳೆಯ ಬೆಲ್ಲ ಇಲ್ಲಿನ ಬದುಕು. ಇಂಥ ಕಡೆ ಸರ್ಕಾರಿ ಪಂಚಾಯಿತಿ ಬೇರೆ, ‘ದೇಸಾ ಅದಾತ್’ ಎಂಬ ಸಂಪ್ರದಾಯದ ಗ್ರಾಮ ಬೇರೆ. ಎರಡನೆಯದಕ್ಕೆ 2017ರಿಂದ ತನ್ನದೇ ಹೆಸರಿನಲ್ಲಿ ಜಮೀನು ನೋಂದಾಯಿಸುವ ಅವಕಾಶವಿದೆ. ಜಮೀನು ಗ್ರಾಮದ್ದಾಗಿದ್ದರೆ, ಅಲ್ಲಿ ವಾಸವಿರುವ ಕುಟುಂಬದ ಹತ್ತಿರ ಇರುವುದು ಬಳಕೆಯ ಹಕ್ಕು, ಅದೂ ದೇವಸ್ಥಾನ ಮತ್ತು ಊರ ಕೆಲಸದ ಬಾಧ್ಯತೆಯೊಂದಿಗೆ. ಅವರೊಬ್ಬರು ಸಹಿ ಹಾಕಿದ ಲೀಸ್ ನಿಲ್ಲುವುದಿಲ್ಲ. ‘ಬೆಂಡೆಸಾ ಅದಾತ್’, ಅಂದರೆ ಗ್ರಾಮದ ಮುಖ್ಯಸ್ಥರನ್ನು ಮೊದಲೇ ಕಂಡು ಕೇಳಿ. ಜಮೀನು ಕುಟುಂಬದ್ದೇ ಆಗಿದ್ದರೂ ಪಾಲಾಗದ ಪಿತ್ರಾರ್ಜಿತವಾದರೆ ಅಣ್ಣತಮ್ಮಂದಿರೆಲ್ಲರ ಸಹಿ ಬೇಕು, ಮಾಲೀಕರ ಹೆಂಡತಿಯದೂ ಬೇಕು.

ಆಮೇಲೆ ವಲಯ. ನಕ್ಷೆಯಲ್ಲಿ ಕೃಷಿಗೋ ತೋಟಕ್ಕೋ ಮೀಸಲಾದ ಜಾಗದಲ್ಲಿ ‘ಪಿಬಿಜಿ’ ಎಂಬ ಕಟ್ಟಡ ಪರವಾನಗಿ ಸಿಗುವುದು ಕಷ್ಟ. “ಪಕ್ಕದವರು ಕಟ್ಟಿದ್ದಾರಲ್ಲ” ಎಂಬ ಏಜೆಂಟರ ವಾದಕ್ಕೆ ಕಾಸಿನ ಬೆಲೆ ಇಲ್ಲ. ರಸ್ತೆ ಸರ್ಟಿಫಿಕೇಟಿನ ನಕ್ಷೆಯಲ್ಲೇ ಕಾಣಬೇಕು. ಬೈಕು ಹೋಗುವ ಕಾಲುದಾರಿ ಪಕ್ಕದವರ ತೋಟದಲ್ಲಿ ಹಾದರೆ ಮರಳು, ಸಿಮೆಂಟು ಎಲ್ಲ ತಲೆ ಮೇಲೆ. ಅಕ್ಟೋಬರ್ ಕಳೆದು ಮಳೆ ಹಿಡಿದ ಮೇಲೆ ಒಮ್ಮೆ ಹೋಗಿ ನೋಡಿ. ಜುಲೈನಲ್ಲಿ ಚೆಂದ ಕಂಡ ಇಳಿಜಾರು ಜನವರಿಯಲ್ಲಿ ಕುಸಿಯುವುದುಂಟು.

ಒಪ್ಪಂದ ಇಂಡೋನೇಷ್ಯಾ ಭಾಷೆಯಲ್ಲಿ ಇರಲೇಬೇಕು, ಇಂಗ್ಲಿಷ್ ಪ್ರತಿ ಜೊತೆಗಿರಲಿ. ಅವಧಿ 25 ವರ್ಷವೆಂದರೆ ವಿಸ್ತರಣೆಯ ಬೆಲೆಯ ಸೂತ್ರವನ್ನು ಈಗಲೇ ಬರೆಸಿ. “ಆಗಿನ ಮಾರುಕಟ್ಟೆ ದರ” ಎಂದು ಬರೆದರೆ ವಿಸ್ತರಣೆಯೇ ಇಲ್ಲ ಎಂದು ತಿಳಿಯಿರಿ. ಮಾರಾಟವಾದರೂ ಮಾಲೀಕರು ಸತ್ತರೂ ಲೀಸ್ ಮುಂದುವರಿಯುತ್ತದೆ, ಉಪ-ಲೀಸ್‌ಗೆ ಅನುಮತಿ ಇದೆ, ಮನೆ ಕಟ್ಟಬಹುದು: ಮೂರೂ ಪ್ರತ್ಯೇಕ ಕಲಂ ಆಗಿರಲಿ. ಬಾಡಿಗೆಯ ಮೇಲಿನ 10% ಅಂತಿಮ ತೆರಿಗೆ ಮಾಲೀಕರದ್ದು. ಏಜೆಂಟರು “ನೆಟ್ ರೇಟ್” ಅಂದರೆ ಅದನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದಾರೆ ಎಂದರ್ಥ. ಬೆಲೆ ಹೇಳುವುದು ಆರೆಗೆ, ವರ್ಷಕ್ಕೆ. ಒಂದು ಆರೆ 100 ಚದರ ಮೀಟರ್, ಹತ್ತಿರ ಹತ್ತಿರ ನಮ್ಮ ಒಂದು ಗುಂಟೆ. 6 ಆರೆಗೆ 25 ವರ್ಷವೆಂದರೆ ಹೇಳಿದ ದರವನ್ನು 150ರಿಂದ ಗುಣಿಸಿ, ಅಷ್ಟೂ ಮುಂಗಡ.

ಪ್ರಶ್ನೆ: ನಾವು ಹಿಂದೂಗಳು, ಬಾಲಿಯವರೂ ಹಿಂದೂಗಳು. ಜಮೀನು ಕೊಳ್ಳಲು ರಿಯಾಯಿತಿ ಇದೆಯೇ?

ಉತ್ತರ: ಇಲ್ಲ. ಭೂ ಕಚೇರಿ ನೋಡುವುದು ಪಾಸ್‌ಪೋರ್ಟ್.

ಪ್ರಶ್ನೆ: ಉತ್ತರ ಬಾಲಿಗೆ ವಿಮಾನ ನಿಲ್ದಾಣ ಬರುತ್ತದಂತೆ, ಬೆಲೆ ಹತ್ತುಪಟ್ಟಾಗುತ್ತದೆಯೇ?

ಉತ್ತರ: ಕುಬುತಂಬಹಾನ್‌ನಲ್ಲಿ ನಿಲ್ದಾಣ ಆಗುತ್ತದೆ ಎಂಬ ಮಾತಿಗೆ ಹತ್ತು ವರ್ಷಕ್ಕೂ ಮೇಲಾಯಿತು. ಇವತ್ತು ಇಲ್ಲದ ರನ್‌ವೇಗೆ ಇವತ್ತು ದುಡ್ಡು ಕೊಡಬೇಡಿ. ಸದ್ಯ ದಕ್ಷಿಣದ ನಿಲ್ದಾಣದಿಂದ ಗುಡ್ಡ ಹತ್ತಿ ಇಳಿದು ಎರಡೂವರೆ, ಮೂರು ಗಂಟೆ. ದೊಡ್ಡ ಆಸ್ಪತ್ರೆಗೆ ಜಿಲ್ಲಾ ಕೇಂದ್ರ ಸಿಂಗರಾಜಕ್ಕೇ ಇಳಿಯಬೇಕು. ಹೃದಯದ ತೊಂದರೆ ಇರುವವರು ಅದನ್ನು ಮೊದಲು ಯೋಚಿಸಿ.

ಪ್ರಶ್ನೆ: ಭಾರತದಿಂದ ಹಣ ಕಳಿಸುವುದು ಹೇಗೆ?

ಉತ್ತರ: ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಯೋಜನೆ) ಮೂಲಕ, ಒಬ್ಬರಿಗೆ ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20% ಟಿಸಿಎಸ್ (ಮೊದಲೇ ವಸೂಲಾಗುವ ತೆರಿಗೆ) ಹಿಡಿಯುತ್ತದೆ, ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಐದು ವರ್ಷ ಮೀರಿದ ಲೀಸ್‌ಗೆ ನಮ್ಮ ವಿದೇಶಿ ಹೂಡಿಕೆ ನಿಯಮದಲ್ಲಿ ಸ್ಥಿರಾಸ್ತಿಯ ಷರತ್ತುಗಳೇ ಅನ್ವಯ. ರಿಟರ್ನ್‌ನ ವಿದೇಶಿ ಆಸ್ತಿಯ ವಿವರ ಕೊಡುವ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸಿ. ಹವಾಲಾ ಬಗ್ಗೆ ಕೇಳಿದವರಿಗೆ ಉತ್ತರ ಇಲ್ಲ.

ಪ್ರಶ್ನೆ: ವೀಸಾ ಆನ್ ಅರೈವಲ್‌ನಲ್ಲಿ ಹೋಗಿ ಬಂದು ಹೋಂಸ್ಟೇ ನಡೆಸಬಹುದೇ?

ಉತ್ತರ: ಗಡಿಪಾರಾಗುತ್ತೀರಿ. ಅದು 5 ಲಕ್ಷ ರುಪಿಯಾದ 30 ದಿನದ ವೀಸಾ, ಒಂದೇ ಸಲ ಇನ್ನು 30 ದಿನ ಸಿಗುತ್ತದೆ. ಹೋಂಸ್ಟೇ ಪರವಾನಗಿ ಸ್ಥಳೀಯ ಪ್ರಜೆಗಳಿಗೆ ಮೀಸಲು. ವಿದೇಶಿ ಬಂಡವಾಳದ ಕಂಪನಿ ತೆರೆಯಬೇಕೆಂದರೆ ಹೂಡಿಕೆಯ ಯೋಜನೆ 1,000 ಕೋಟಿ ರುಪಿಯಾ ಮೀರಬೇಕು. ಎರಡು ರೂಮಿಗೆ ಇದೆಲ್ಲ ಯಾಕೆ?

ಪ್ರಶ್ನೆ: ಲೀಸ್‌ಗೆ ಪಡೆದ ಮನೆಯಲ್ಲಿ ಪದೇ ಪದೇ ಕರೆಂಟ್ ಹೋಗುತ್ತದೆ, ಪಕ್ಕದ ಮನೆಯಲ್ಲಿ ಇರುತ್ತದೆ. ಯಾರಿಗೆ ದೂರು ಕೊಡಲಿ?

ಉತ್ತರ: ಯಾರಿಗೂ ಬೇಡ. ಮೊದಲು ಮೀಟರಿನಲ್ಲಿ ಟೋಕನ್ ಮುಗಿದಿದೆಯಾ ನೋಡಿ; ಪ್ರೀಪೇಯ್ಡ್ ಆದರೆ 20 ಅಂಕಿಯ ಸಂಖ್ಯೆ ಒತ್ತಬೇಕು. ಟೋಕನ್ ಇದ್ದೂ ಹೋಗುತ್ತಿದ್ದರೆ ನಿಮ್ಮದು 1,300 ವಿಎ ಸಂಪರ್ಕ ಇರಬೇಕು. ಅದರ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) 6 ಆಂಪಿಯರ್‌ದು, ನೀರಿನ ಪಂಪು ಮತ್ತು ಗೀಸರ್ ಒಟ್ಟಿಗೆ ಹಾಕಿದರೆ ಬೀಳುತ್ತದೆ. ಮಾಲೀಕರ ಮೂಲಕ ವಿದ್ಯುತ್ ಕಂಪನಿ ಪಿಎಲ್‌ಎನ್‌ಗೆ ಅರ್ಜಿ ಹಾಕಿ 2,200 ವಿಎಗೆ ಏರಿಸಿಕೊಳ್ಳಿ. ಯೂನಿಟ್ ದರ ಎರಡಕ್ಕೂ ಒಂದೇ.