ಕರೆಂಟ್ ಕೊಟ್ಟ ಜಾಗಕ್ಕೆ ನೀರು ಮುಟ್ಟಿಸಬಹುದೆ?

ಗದಗದ ಓದುಗರೊಬ್ಬರ ಪತ್ರ: ‘ಅತ್ತೆಯವರಿಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ಹುಬ್ಬಳ್ಳಿಯಲ್ಲಿ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸುತ್ತಿದ್ದೇವೆ. 25ರಲ್ಲಿ 12 ಮುಗಿದಿವೆ. ಎದೆಯ ಕೆಳಗಿನ ಮಡಿಕೆ ಕಪ್ಪಾಗಿ ಉರಿಯುತ್ತದೆ. ನೀರು ಮುಟ್ಟಿಸಬೇಡಿ, ಕೊಬ್ಬರಿ ಎಣ್ಣೆಯಲ್ಲಿ ಅರಿಷಿಣ ಕಲಸಿ ಹಚ್ಚಿ ಎನ್ನುತ್ತಾರೆ ಓಣಿಯವರು. ಹಚ್ಚಬಹುದೆ?’

ಸಂಪಾದಕರ ಉತ್ತರ: ಓಣಿಯವರ ಮಾತನ್ನು ತಿರುವಿ ಹಾಕಿ. ನೀರು ಬೇಕು, ಲೇಪ ಬೇಡ.

ಈಗಿನ ಯಂತ್ರಗಳ ಕಿರಣ ಚರ್ಮದ ಮೇಲ್ಪದರದಲ್ಲಿ ಅಷ್ಟು ಜೋರಿರುವುದಿಲ್ಲ. ಕೆಲವು ಮಿಲಿಮೀಟರ್ ಒಳಗೆ ಇಳಿದ ಮೇಲೆ ಪೂರ್ತಿ ಬಲಕ್ಕೆ ಬರುತ್ತದೆ. ದಪ್ಪ ಲೇಪ ಹಚ್ಚಿ ಮಲಗಿದರೆ ಆ ಅಂತರ ಲೇಪದಲ್ಲೇ ಮುಗಿದು, ಚರ್ಮಕ್ಕೇ ಹೆಚ್ಚು ಪೆಟ್ಟು. ಮಡಿಕೆಯಲ್ಲಿ ಚರ್ಮದ ಮೇಲೆ ಚರ್ಮ ಕೂತಾಗಲೂ ಇದೇ ಆಗುತ್ತದೆ, ಜೊತೆಗೆ ಬೆವರು, ತಿಕ್ಕಾಟ. ಮೊದಲು ಅಲ್ಲೇ ಕಪ್ಪಾಗುವುದು ಅದಕ್ಕೆ. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಕಾಣದು. ಕಪ್ಪು, ಬಿಸಿ, ತುರಿಕೆ ಕಂಡರೆ ಅದೇ ಸೂಚನೆ.

ದಿನಾ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಬರಿಗೈ. ಹಂಡೆಯ ಸುಡುನೀರು, ತಿಕ್ಕುವ ಕಲ್ಲು, ಕಡಲೆಹಿಟ್ಟು ಆ ಜಾಗಕ್ಕೆ ಬೇಡ. ಮೆತ್ತನೆ ಬಟ್ಟೆ ಒತ್ತಿ ಒರೆಸಿ, ಮಡಿಕೆ ಎತ್ತಿ ಹಿಡಿದು ಫ್ಯಾನಿನ ಗಾಳಿಗೆ ಒಣಗಿಸಿ. ಪೌಡರ್ ಹಾಕಿದರೆ ಬೆವರಿಗೆ ಗಂಟುಕಟ್ಟಿ ತರಚುತ್ತದೆ. ಕಿರಣ ಬೀಳಬೇಕಾದ ಜಾಗಕ್ಕೆ ಆಸ್ಪತ್ರೆಯಲ್ಲಿ ಎಳೆದ ಗುರುತಿನ ಗೆರೆ ಮಾಸಿದರೆ ಮನೆಯಲ್ಲಿ ಪೆನ್ನು ಹಿಡಿಯಬೇಡಿ, ಟೆಕ್ನಿಷಿಯನ್‌ಗೆ ಹೇಳಿ.

ಸುವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರನ್ನು ದಿನಕ್ಕೆರಡು ಸಲ ತೆಳ್ಳಗೆ ಸವರಿ, ಕರೆಂಟಿಗೆ ಹೋಗುವ ಹೊತ್ತಿಗೆ ಪೂರ್ತಿ ಇಂಗಿರಲಿ. ಮೊಮೆಟಸೋನ್ ಎಂಬ ಸ್ಟೀರಾಯ್ಡ್ ಕ್ರೀಮು ಈ ಉರಿಯೂತವನ್ನು ತಗ್ಗಿಸುತ್ತದೆ. ಮೊದಲ ದಿನದಿಂದ ಹಚ್ಚಿದರೆ ಒಳ್ಳೆಯದಿತ್ತು, ಈಗಲೂ ವೈದ್ಯರನ್ನು ಕೇಳಿ. ಚರ್ಮ ಒಡೆದಲ್ಲಿ ಅದನ್ನು ಹಚ್ಚುವಂತಿಲ್ಲ. ಮೆಡಿಕಲ್ ಶಾಪಿನವರು ಕೇಳದೆಯೇ ಕೊಡುವ, ನಾಲ್ಕು ಔಷಧ ಬೆರೆಸಿದ ಗಜಕರ್ಣದ ಟ್ಯೂಬ್ ಬೇರೆ, ಇದು ಬೇರೆ.

ಖಣದ ಕುಬಸ, ತಂತಿಯ ಬ್ರಾ ಸದ್ಯಕ್ಕೆ ಪೆಟ್ಟಿಗೆಯಲ್ಲಿರಲಿ; ಸಡಿಲ ಹತ್ತಿಯ ಜಂಪರ್ ಸಾಕು. ಮನೆಯಲ್ಲಿ ಮಡಿಕೆಯೊಳಗೆ ಒಗೆದ ಹಳೆ ಹತ್ತಿ ಸೀರೆಯ ತುಂಡಿಡಿ, ಒದ್ದೆಯಾದಂತೆ ಬದಲಿಸಿ, ಕರೆಂಟಿಗೆ ಮುಂಚೆ ತೆಗೆಯಿರಿ. ಕಂಕುಳಿಗೆ ಬ್ಲೇಡು, ಎದೆಗೆ ಅಂಟುಪಟ್ಟಿ, ಉರಿಗೆ ಐಸು ಬೇಡ. ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ ಕೂರಿಸಿ.

ಸಿಪ್ಪೆ ಎದ್ದು ನೀರೊಸರಿದರೆ ಮನೆಮದ್ದು ನಿಲ್ಲಿಸಿ, ಅಂಟದ ಡ್ರೆಸ್ಸಿಂಗ್ ಹಾಕಿಸಿ. ಜ್ವರ, ಕೀವು, ವಾಸನೆ ಕಂಡರೆ ಅಂದೇ ತೋರಿಸಿ. ಉರಿಗೆ ಹೆದರಿ ನೀವಾಗಿಯೇ ಕರೆಂಟ್ ತಪ್ಪಿಸಬೇಡಿ. ಕೊನೆಯ ಕರೆಂಟ್ ಆದ ಮೇಲೂ ಒಂದೆರಡು ವಾರ ಉರಿ ಏರಿಯೇ ಇಳಿಯುವುದು. ಆಗ ‘ಮುಗೀತಲ್ಲ’ ಎಂದು ಆರೈಕೆ ಬಿಟ್ಟವರೇ ಹೆಚ್ಚು ಗೋಳಾಡುತ್ತಾರೆ.